ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು?

ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಿಂದ ಮಂಗಳೂರಿನ ಬಜ್ಪೆಗೆ ನೇರ ಗೆರೆ ಎಳೆದರೆ ಸುಮಾರು 306 ಕಿ.ಮೀ. ಟಿಕೆಟ್‌ನಲ್ಲಿ ಒಂದು ಗಂಟೆ ಚಿಲ್ಲರೆ ಅಂತ ಇರುತ್ತದೆ. ಆಕಾಶದಲ್ಲಿರುವುದು ಮುಕ್ಕಾಲು ಗಂಟೆಯ ಆಸುಪಾಸು ಅಷ್ಟೇ. ಮಿಕ್ಕಿದ್ದು ರನ್‌ವೇವರೆಗೆ ತೆವಳುವುದಕ್ಕೆ, ಸರದಿ ಕಾಯುವುದಕ್ಕೆ. ನೀರಿನ ಬಾಟಲಿ ಮುಚ್ಚಳ ತೆಗೆಯುವಷ್ಟರಲ್ಲಿ ಘಟ್ಟ ದಾಟಿ ಇಳಿಯಲು ಶುರು!

ಬಜ್ಪೆಯದು ಗುಡ್ಡದ ನೆತ್ತಿಯ ಮೇಲಿನ ಟೇಬಲ್‌ಟಾಪ್ ರನ್‌ವೇ. ಜುಲೈ ಮಳೆಯಲ್ಲಿ ಮೋಡ ಕವಿದರೆ ಪೈಲಟ್ ಮೇಲೆಯೇ ಸುತ್ತು ಹಾಕಬಹುದು, ಕೆಲವೊಮ್ಮೆ ಬೆಂಗಳೂರಿಗೇ ವಾಪಸ್ಸೂ ಬರಬಹುದು. ಮಳೆಗಾಲದಲ್ಲಿ ಮುಂದಿನ ಕೆಲಸಕ್ಕೆ ಎರಡು ಗಂಟೆ ಬಿಡುವು ಇಟ್ಟುಕೊಳ್ಳಿ.

ರಸ್ತೆಯಲ್ಲಾದರೆ ಶಿರಾಡಿ ಘಾಟಿ ಮೂಲಕ ಸುಮಾರು 350 ಕಿ.ಮೀ., ಏಳೆಂಟು ತಾಸು. ಹಾಗಂತ ವಿಮಾನವೇ ಲಾಭ ಅಂದುಕೊಳ್ಳುವ ಮೊದಲು, ಜಯನಗರದಿಂದ ದೇವನಹಳ್ಳಿ ಮುಟ್ಟುವ ಟ್ರಾಫಿಕ್ಕನ್ನೂ ಲೆಕ್ಕಕ್ಕೆ ಸೇರಿಸಿ.