ಹೋಟೆಲ್ ಹುಡುಗರ ಮಲ ಪರೀಕ್ಷೆ

ಪ್ರಶ್ನೆ: ನಮ್ಮದು ಸಣ್ಣ ಉಡುಪಿ ಹೋಟೆಲ್. ಬೈಂದೂರು, ಕಲಬುರಗಿ ಕಡೆಯ ಹುಡುಗರು ಮಾಳಿಗೆಯಲ್ಲೇ ಮಲಗುತ್ತಾರೆ. ಎಲ್ಲರಿಗೂ ಒಂದೇ ಶೌಚಾಲಯ. ವಲಸೆ ಬಂದವರ ಮೈಯಲ್ಲಿ ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚೆಂದು ಓದಿದೆ. ಹೊಸಬರನ್ನು ಅಡುಗೆಮನೆಗೆ ಬಿಡುವ ಮೊದಲು ಮಲ ಪರೀಕ್ಷೆ ಮಾಡಿಸಲೇ? ಏನಾದರೂ ಸಿಕ್ಕರೆ ಊರಿಗೆ ಕಳುಹಿಸಬೇಕೇ?
– ಹೋಟೆಲ್ ಮಾಲೀಕ, ಘಾಟ್ಕೋಪರ್, ಮುಂಬೈ

ಉತ್ತರ: ಮಾಡಿಸುವುದಾದರೆ ಗಲ್ಲಾದಲ್ಲಿ ಕುಳಿತ ತಮ್ಮಿಂದಲೇ ಶುರುವಾಗಲಿ ಯಜಮಾನರೇ. ನನ್ನದನ್ನೂ ಕಳುಹಿಸುತ್ತೇನೆ, ವರದಿ ನೋಡಿ ಇಬ್ಬರೂ ಒಟ್ಟಿಗೇ ಗಾಬರಿಯಾಗೋಣ.

ನೀವು ಓದಿದ್ದು ಸುಳ್ಳಲ್ಲ, ಅರ್ಧ ಮಾತ್ರ. ಯುರೋಪಿಗೆ ವಲಸೆ ಹೋದವರ ಮೇಲಿನ ಹಲವು ಅಧ್ಯಯನಗಳನ್ನು ಕೂಡಿಸಿ 2018ರಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯೊಂದು ಲೆಕ್ಕ ಕೊಟ್ಟಿತು: ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇಂಥ ಬ್ಯಾಕ್ಟೀರಿಯಾ, ನಿರಾಶ್ರಿತರಲ್ಲಾದರೆ ಮೂವರಲ್ಲಿ ಒಬ್ಬರಿಗೆ. ಅವರಿಂದ ಸ್ಥಳೀಯರಿಗೆ ಹೆಚ್ಚಾಗಿ ಹರಡಿದ್ದು ಕಾಣಲಿಲ್ಲ ಎಂದೂ ಅದೇ ಲೇಖನ ಹೇಳಿದೆ. ಆ ಸಾಲು ವಾಟ್ಸಾಪ್‌ನಲ್ಲಿ ಓಡಾಡುವುದಿಲ್ಲ.

ಇನ್ನು ನೆದರ್ಲೆಂಡ್ಸ್‌ನ ಪ್ರವಾಸಿಗರ ಕಥೆ ಕೇಳಿ. ಹೊರಡುವ ಮೊದಲು ಪರೀಕ್ಷಿಸಿದಾಗ ಕರುಳಿನಲ್ಲಿ ಇಲ್ಲದಿದ್ದ ಇಎಸ್‌ಬಿಎಲ್ ಬ್ಯಾಕ್ಟೀರಿಯಾ (ಹಲವು ಆಂಟಿಬಯಾಟಿಕ್‌ಗಳನ್ನು ಒಡೆದುಹಾಕುವ ಕಿಣ್ವವಿರುವಂಥದ್ದು), ದಕ್ಷಿಣ ಏಷ್ಯಾ ನೋಡಿ ಮರಳಿದವರಲ್ಲಿ ಮುಕ್ಕಾಲು ಪಾಲು ಮಂದಿಗೆ ಅಂಟಿತ್ತು. 2017ರ ವರದಿ ಇದು. ಪಾಪ, ಅವರು ನಮ್ಮ ಕಡೆಯ ನೀರು ಕುಡಿದಿದ್ದರು. ಬೈಂದೂರಿನ ಹುಡುಗ ಅದನ್ನು ಊರಿನಿಂದ ತಂದನೋ, ನಿಮ್ಮ ಮಾಳಿಗೆಯಲ್ಲೇ ಪಡೆದನೋ, ಯಾವ ಲ್ಯಾಬ್ ಹೇಳೀತು? ಆರೋಗ್ಯವಂತನ ಕರುಳಿನಲ್ಲಿ ಅದು ಸುಮ್ಮನಿದ್ದರೆ ಔಷಧಿ ಬೇಕಿಲ್ಲ. ಆ ಪ್ರವಾಸಿಗರಲ್ಲಿ ಅರ್ಧದಷ್ಟು ಜನರಿಗೆ ಒಂದು ತಿಂಗಳೊಳಗೇ ತಾನಾಗಿ ಹೋಗಿತ್ತು.

ನನಗೆ ಚಿಂತೆ ಮೂಲೆಯ ಮೆಡಿಕಲ್‌ನದು. ಹುಡುಗನಿಗೆ ಭೇದಿಯಾಗುತ್ತದೆ. ರಜೆ ಹಾಕಿದರೆ ಸಂಬಳ ಕಡಿತ, ಹಾಗಾಗಿ ಬೆಳಗಿನ ಇಡ್ಲಿ ಗಲಾಟೆಯ ನಡುವೆಯೇ ಓಡಿಹೋಗಿ ಎರಡು ಮಾತ್ರೆ ಬಿಡಿಸಿಕೊಂಡು ಬರುತ್ತಾನೆ. ನನ್ನ ಬಳಿ ಬರುವ ಹೊತ್ತಿಗೆ ಅಂಗಿ ಜೇಬಿನಲ್ಲಿ ಸೆಫಿಕ್ಸಿಮ್ ಎಂಬ ಆಂಟಿಬಯಾಟಿಕ್ ಸ್ಟ್ರಿಪ್ಪಿನ ತುಂಡು ಇರುತ್ತದೆ. ಅದನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. 2014ರ ಮಾರ್ಚ್‌ನಿಂದ ರೋಗಿಯ ಹೆಸರನ್ನು ರಿಜಿಸ್ಟರಿನಲ್ಲಿ ಬರೆಯಲೂ ಬೇಕು. ಸಾಮಾನ್ಯ ಭೇದಿಗೆ ಬೇಕಾದದ್ದು ಓಆರ್‌ಎಸ್. ಎರಡು ಮಾತ್ರೆಗೆ ಸಾಯುವುದು ಬಗ್ಗುವ ಬ್ಯಾಕ್ಟೀರಿಯಾ. ಬಗ್ಗದ್ದಕ್ಕೆ ಜಾಗ ಖಾಲಿಯಾಗುತ್ತದೆ. ಇದರಲ್ಲಿ ನಿಮ್ಮ ಸಂಬಳದ ಪುಸ್ತಕಕ್ಕೂ ಪಾಲಿದೆ ಎಂದರೆ ಬೇಸರಿಸಬೇಡಿ.

ಅಡುಗೆಯವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ, ಟೈಫಾಯ್ಡ್ ಲಸಿಕೆ ಎಂದು ಆಹಾರ ಸುರಕ್ಷತೆಯ ನಿಯಮವೇ ಇದೆ; ಅಷ್ಟನ್ನು ಎಲ್ಲರಿಗೂ ಮಾಡಿಸಿ, ಊರು ಕೇಳಬೇಡಿ. ಪರೀಕ್ಷೆಗೆ ಎತ್ತಿಟ್ಟ ಹಣದಲ್ಲಿ ಇನ್ನೊಂದು ಶೌಚಾಲಯ, ಹೊರಗೊಂದು ನಲ್ಲಿ, ಸಾಬೂನು. ಭೇದಿಯಾದವನಿಗೆ ಸಂಬಳಸಹಿತ ರಜೆ ಕೊಡಿ. ಭೇದಿ ನಿಂತ ಮೇಲೂ ಎರಡು ದಿನ ಹಿಟ್ಟು, ಚಟ್ನಿ ಮುಟ್ಟುವುದು ಬೇಡ. ರಕ್ತ ಬಿದ್ದರೆ ಅಥವಾ ಜ್ವರ ಏರಿದರೆ ಮೆಡಿಕಲ್‌ಗಲ್ಲ, ವೈದ್ಯರ ಬಳಿಗೆ ಕಳುಹಿಸಿ.