ಸುಳ್ಳಿನಿಂದ ಶುರು ಮಾಡಿದರೆ ನಿಜ ಸಿಗುತ್ತದಾ?

ಪ್ರಶ್ನೆ: ಸರ್, ಮಗಳಿಗೆ ಲೆಕ್ಕ ಹೇಳಿಕೊಡಲು ಹೋಗಿ ಸಿಕ್ಕಿಬಿದ್ದೆ. ರೂಟ್ 2 ಅಭಾಗಲಬ್ಧ ಸಂಖ್ಯೆ, ಅಂದರೆ ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಲು ಆಗದ್ದು, ಅಂತ ಸಾಧಿಸಬೇಕು. ಪುಸ್ತಕದ ಮೊದಲ ಸಾಲೇ ‘ಅದು ಭಾಗಲಬ್ಧ ಎಂದು ಭಾವಿಸೋಣ’. ‘ಸುಳ್ಳು ಅಂತ ಗೊತ್ತಿದ್ದೂ ಯಾಕಮ್ಮ ಭಾವಿಸಬೇಕು? ಮೋಸ ಅಲ್ವಾ?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.
– ಮಗಳ ಜೊತೆ ಮತ್ತೆ ಗಣಿತ ಕಲಿಯುತ್ತಿರುವ ತಾಯಿ

ಉತ್ತರ: ಆ ಮಾತನ್ನು ಕೊನೆಯವರೆಗೂ ಇಟ್ಟುಕೊಂಡಿದ್ದರೆ ಮೋಸವೇ ಆಗುತ್ತಿತ್ತು. ‘ಭಾವಿಸೋಣ’ ಅನ್ನುವುದು ಕೈಸಾಲದ ಹಾಗೆ. ಸಾಧನೆ ಮುಗಿಯುವುದರೊಳಗೆ ತೀರಿಸಬೇಕು. ಅಲ್ಲಿಯವರೆಗೆ ನಾವು ಕೇಳುತ್ತಿರುವುದು ಇಷ್ಟೇ: ಹೀಗಿದ್ದಿದ್ದರೆ ಏನೇನಾಗುತ್ತಿತ್ತು?

ಇದರಲ್ಲಿ ನಾನೂ ಒಮ್ಮೆ ಎಡವಿದ್ದೇನೆ. ಮೇಷ್ಟ್ರಾದ ಹೊಸತು. ರೂಟ್ 2 ಒಂದು ಭಿನ್ನರಾಶಿ ಅಂತ ಭಾವಿಸಿ ಬೋರ್ಡಿನ ಮೇಲೆ ಬರೆಯುತ್ತಾ ಹೋದೆ. ಅಂಶದ ವರ್ಗ ಛೇದದ ವರ್ಗದ ಎರಡರಷ್ಟು. ಹಾಗಾಗಿ ಅಂಶ ಸಮಸಂಖ್ಯೆ. ಅಂಶ ಸಮ ಆದರೆ ಅದರ ವರ್ಗ 4ರಿಂದ ಭಾಗವಾಗುತ್ತದೆ. ಆಗ ಛೇದವೂ ಸಮ. ‘ವೈರುಧ್ಯ ಬಂತು, ಊಹೆ ತಪ್ಪು’ ಅಂತ ಬರೆದು ಕೈ ಒರೆಸಿಕೊಂಡೆ. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತಳು. ‘ಸರ್, ಎರಡೂ ಸಮ ಆದರೆ ಏನೀಗ? 6/4ರಲ್ಲೂ ಎರಡೂ ಸಮ. ಅದು ಭಿನ್ನರಾಶಿ ಅಲ್ವಾ?’

ಸೀಮೆಸುಣ್ಣ ಹಿಡಿದು ಸುಮ್ನೆ ನಿಂತೆ. ಅವಳು ಹೇಳಿದ್ದು ಸರಿ. ‘ಅಂಶಕ್ಕೂ ಛೇದಕ್ಕೂ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲ’ ಅನ್ನುವ ಸಾಲನ್ನು ನಾನು ಬರೆದೇ ಇರಲಿಲ್ಲ. ಅದು ನನ್ನ ತಲೆಯಲ್ಲಿತ್ತು, ಬೋರ್ಡಿನ ಮೇಲೆ ಇರಲಿಲ್ಲ. ಆ ಸಾಲು ಇಲ್ಲದಿದ್ದರೆ ವೈರುಧ್ಯವೂ ಇಲ್ಲ.

ಆ ಸಾಲು ಸೇರಿಸಿ ನೋಡಿ. ಎರಡೂ ಸಮ ಆದರೆ 2 ಸಾಮಾನ್ಯ ಅಪವರ್ತನ, ವೈರುಧ್ಯ ಬಂತು. ಈಗ ಊಹೆ ಎರಡಾಯಿತು. ಇಬ್ಬರಲ್ಲಿ ಒಬ್ಬ ಸುಳ್ಳ ಅಂತ ವೈರುಧ್ಯ ಹೇಳುತ್ತದೆ, ಯಾರು ಅಂತ ಬೆರಳು ತೋರಿಸುವುದಿಲ್ಲ. ಅದನ್ನು ನಾವೇ ಪತ್ತೆ ಮಾಡಬೇಕು. 6/4 ಅನ್ನು 3/2 ಮಾಡುವ ಹಾಗೆ ಯಾವ ಭಿನ್ನರಾಶಿಯನ್ನಾದರೂ ಸಂಕ್ಷೇಪಿಸಬಹುದು. ಹಾಗಾಗಿ ಎರಡನೆಯ ಊಹೆಯ ಮೇಲೆ ತಪ್ಪು ಹೊರಿಸುವಂತಿಲ್ಲ. ಉಳಿದದ್ದು ಮೊದಲನೆಯದು. ನಮ್ಮ ಪುಸ್ತಕಗಳು ಇಷ್ಟನ್ನೂ ‘ಆದ್ದರಿಂದ ನಮ್ಮ ಊಹೆ ತಪ್ಪು’ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ನಿಮ್ಮ ಮಗಳಿಗೆ ಅನುಮಾನ ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಪ್ರಶ್ನೆ: ತ್ರಿಭುಜದ ಮೂರು ಕೋನ ಸೇರಿದರೆ 180 ಡಿಗ್ರಿ. ಇದರಲ್ಲೂ ಊಹೆ ಇದೆಯಾ?
– ಒಬ್ಬ ವಿದ್ಯಾರ್ಥಿ

ಉತ್ತರ: ಇದೆ, ಆದರೆ ಅದನ್ನು ನಾವು ತೀರಿಸುವುದೇ ಇಲ್ಲ! ಶೃಂಗದ ಮೂಲಕ ಪಾದಕ್ಕೆ ಸಮಾಂತರ ಗೆರೆ ಎಳೆದು, ಪರ್ಯಾಯ ಕೋನಗಳು ಸಮ ಅನ್ನುತ್ತೇವಲ್ಲ, ಅಲ್ಲಿ ಕೂತಿದೆ. ಆ ಮಾತಿಗೆ ಆಧಾರ ಯೂಕ್ಲಿಡ್‌ನ ಐದನೆಯ ಆಧಾರ ಪ್ರತಿಜ್ಞೆ, ಅಂದರೆ ಸಾಧಿಸದೆ ಒಪ್ಪಿಕೊಂಡ ಮಾತು. ಸರಳವಾಗಿ ಹೇಳಿದರೆ: ಒಂದು ಗೆರೆಗೆ ಅದರ ಹೊರಗಿನ ಬಿಂದುವಿನ ಮೂಲಕ ಒಂದೇ ಒಂದು ಸಮಾಂತರ ಗೆರೆ ಎಳೆಯಬಹುದು. ಉಳಿದ ಆಧಾರ ಪ್ರತಿಜ್ಞೆಗಳಿಂದಲೇ ಅದನ್ನು ಸಾಧಿಸಬಹುದು ಅಂತ ಜನ ಸುಮಾರು ಎರಡು ಸಾವಿರ ವರ್ಷ ಒದ್ದಾಡಿದರು.

1733ರಲ್ಲಿ ಇಟಲಿಯ ಪಾದ್ರಿ ಸಾಕೇರಿ ಮೇಲಿನ ತಾಯಿ ಕೇಳಿದ ದಾರಿಯನ್ನೇ ಹಿಡಿದರು: ‘ಐದನೆಯದು ಸುಳ್ಳು ಎಂದು ಭಾವಿಸೋಣ’. ವೈರುಧ್ಯ ಈಗ ಬರುತ್ತದೆ, ಆಗ ಬರುತ್ತದೆ ಅಂತ ಪ್ರಮೇಯದ ಮೇಲೆ ಪ್ರಮೇಯ ಬರೆದರು. ಕೋನಗಳ ಮೊತ್ತ 180ಕ್ಕಿಂತ ಕಡಿಮೆ ಇರುವ ತ್ರಿಭುಜಗಳು ಬಂದವು, ವೈರುಧ್ಯ ಮಾತ್ರ ಬರಲಿಲ್ಲ. ಕೊನೆಗೆ, ಇದು ಸರಳರೇಖೆಯ ಸ್ವಭಾವಕ್ಕೇ ಒಗ್ಗುವುದಿಲ್ಲ ಅಂದುಬಿಟ್ಟರು. ನನಗೆ ಅವರ ಬಗ್ಗೆ ಕನಿಕರವೇ ಜಾಸ್ತಿ. ಹೊಸ ರೇಖಾಗಣಿತ ಅವರ ಕೈಯಲ್ಲೇ ಇತ್ತು. ಸುಮಾರು ನೂರು ವರ್ಷದ ನಂತರ ರಷ್ಯಾದ ಗಣಿತಜ್ಞ ಲೊಬಚೆವ್‌ಸ್ಕಿ 1829ರಲ್ಲೂ ಹಂಗೇರಿಯ ಬೊಯಾಯ್ 1832ರಲ್ಲೂ ಅದನ್ನೇ ಪ್ರಕಟಿಸಿದರು. ಆ ಊಹೆಯನ್ನು ಹಿಂದಕ್ಕೆ ಕೊಡದೆ ಅವರು ತಮ್ಮಲ್ಲೇ ಇಟ್ಟುಕೊಂಡರು.

ಹಾಗಾಗಿ ನಿಮ್ಮ 180ರ ಪ್ರಮೇಯದ ಮೇಲೆ ‘ದತ್ತ’ ಅಂತ ಬರೆಯುವಾಗ ತ್ರಿಭುಜದ ಜೊತೆ ಐದನೆಯ ಪ್ರತಿಜ್ಞೆಯನ್ನೂ ಬರೆಯಬೇಕು. ಪರೀಕ್ಷೆಯಲ್ಲಿ ಬರೆಯಬೇಡಿ, ಅಂಕ ಕೊಡುವವರಿಗೆ ಗಲಿಬಿಲಿ ಆಗಬಹುದು.

ಪ್ರಶ್ನೆ: ವಾದ ಮಾಡುವಾಗ ನನ್ನ ಗೆಳೆಯ ‘ಸರಿ, ನೀನು ಹೇಳಿದ್ದೇ ನಿಜ ಅಂದುಕೊಳ್ಳೋಣ’ ಅನ್ನುತ್ತಾನೆ. ‘ನೀನೇ ಒಪ್ಪಿಕೊಂಡೆಯಲ್ಲ’ ಅಂದರೆ ಜಗಳಕ್ಕೆ ಬರುತ್ತಾನೆ. ಯಾರದು ಸರಿ?
– ಸೋತು ಸುಣ್ಣವಾದವನು

ಉತ್ತರ: ಅವರದೇ. ಅಂದುಕೊಂಡದ್ದೆಲ್ಲ ಒಪ್ಪಿಕೊಂಡ ಹಾಗಲ್ಲ. ಆದರೆ ‘ನೋಡು, ನಿನ್ನ ಮಾತಿನಿಂದ ಎಂಥ ಅಸಂಬದ್ಧ ಬಂತು’ ಅಂದಾಗ ಅವರನ್ನು ಅಷ್ಟಕ್ಕೇ ಬಿಡಬೇಡಿ. ನಿಮ್ಮ ಮಾತಿನ ಜೊತೆ ತಮ್ಮ ಮಾತು ಎಷ್ಟು ಬೆರೆಸಿದ್ದಾರೆ ಅಂತ ಒಂದು ಹಾಳೆಯಲ್ಲಿ ಬರೆಸಿ. ತಪ್ಪು ಅವುಗಳಲ್ಲಿ ಯಾವುದರದ್ದಾದರೂ ಇರಬಹುದು. ಬರೆದುಕೊಟ್ಟರೆ ಆ ಹಾಳೆಯನ್ನು ನನಗೂ ಕಳಿಸಿ.