ಹಳೆಯ ಅಂಗೋರಾ ಸ್ವೆಟರ್: ಓದುಗರು ಕೇಳಿದ್ದು, ನಾವು ಹೇಳಿದ್ದು

ಪ್ರಶ್ನೆ: ಇಲ್ಲಿನ ಹಳೆ ಬಟ್ಟೆಯಂಗಡಿಯಲ್ಲಿ 12 ಡಾಲರಿಗೆ ತಿಳಿಗುಲಾಬಿ ಬಣ್ಣದ ಅಂಗೋರಾ (ಮೊಲದ ರೋಮದ) ಕಾರ್ಡಿಗನ್, ಅಂದರೆ ಮುಂದೆ ಗುಂಡಿಯಿರುವ ಸ್ವೆಟರ್ ಸಿಕ್ಕಿತು. 1950ರ ದಶಕದ್ದು ಅಂದರು. ಲೇಬಲ್‌ನಲ್ಲಿ ಲ್ಯಾಂಬ್ಸ್‌ವುಲ್ (ಕುರಿಮರಿ ಉಣ್ಣೆ) ಶೇ. 70, ಅಂಗೋರಾ 20, ನೈಲಾನ್ 10 ಎಂದಿದೆ. ಭುಜಕ್ಕೆ ದಪ್ಪ ಪ್ಯಾಡ್ ಇದೆ, ತೋಳು ಬಾವಲಿ ರೆಕ್ಕೆಯ ಹಾಗಿದೆ. ನಿಜಕ್ಕೂ ಅಷ್ಟು ಹಳೆಯದೇ? (ನ್ಯೂಜೆರ್ಸಿ)

ಉತ್ತರ: ಭುಜದ ಪ್ಯಾಡ್, ಅಗಲದ ತೋಳು, 70-20-10ರ ಮಿಶ್ರಣ ಮೂರೂ ಸೇರಿದರೆ 1980ರ ದಶಕದ್ದೇ ಇರಬೇಕು. ಖಾತ್ರಿ ಬೇಕಾದರೆ ಒಳಗಿನ ಪಕ್ಕದ ಹೊಲಿಗೆ ನೋಡಿ. ಹೇಗೆ ತೊಳೆಯಬೇಕೆಂದು ಬರೆದ ಲೇಬಲ್ ಇದ್ದರೆ ಅದು ಬಹುಮಟ್ಟಿಗೆ 1972ರ ನಂತರದ್ದು. ಅಮೆರಿಕದಲ್ಲಿ ಅದು ಕಡ್ಡಾಯವಾದದ್ದು ಆ ವರ್ಷ. ಲೇಬಲ್‌ನಲ್ಲಿ 'ಆರ್‌ಎನ್' (ಅಮೆರಿಕದಲ್ಲಿ ಕಂಪನಿಗೆ ಕೊಡುವ ನೋಂದಣಿ ಸಂಖ್ಯೆ) ಎಂಬ ಅಕ್ಷರಗಳ ಮುಂದೆ 13670 ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆ ಇದ್ದರೆ 1959ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. 'ಡಬ್ಲ್ಯುಪಿಎಲ್' ಸಂಖ್ಯೆ ಉಣ್ಣೆ ಬಟ್ಟೆಯ ಕಂಪನಿಗಳಿಗೆ ಕೊಡುತ್ತಿದ್ದ, ಅದಕ್ಕೂ ಹಳೆಯ ನೋಂದಣಿ. ಆದರೆ ಒಮ್ಮೆ ಸಿಕ್ಕ ಸಂಖ್ಯೆಯನ್ನೇ ಕಂಪನಿಗಳು ಹತ್ತಾರು ವರ್ಷ ಬಳಸಿದವು, ಹಾಗಾಗಿ ಸಂಖ್ಯೆಯೊಂದನ್ನೇ ನೆಚ್ಚಿ ಕೂರಬೇಡಿ.

1950ರ ದಶಕದ ಕಾರ್ಡಿಗನ್ ಸೊಂಟಕ್ಕೇ ನಿಲ್ಲುತ್ತದೆ, ಎತ್ತರದ ಸ್ಕರ್ಟಿನ ಮೇಲೆ ಕೂರಲೆಂದು. ಕೆಳಪಟ್ಟಿ ಮೂರು ನಾಲ್ಕು ಇಂಚು ಬಿಗಿ ರಿಬ್ (ಹಿಗ್ಗಿ ಕುಗ್ಗುವ ಗೀರು ಹೆಣಿಗೆ). ಗುಂಡಿಪಟ್ಟಿಯ ಹಿಂದೆ ಗೀರುಗೀರಿನ ರಿಬ್ಬನ್ ಹೊಲಿದಿರುತ್ತಾರೆ. ಒಳ್ಳೆಯದಾದರೆ ತೋಳು ಸೇರುವಲ್ಲಿ ಓರೆಯಾಗಿ ಪುಟ್ಟ ಚುಕ್ಕಿಗಳ ಸಾಲು ಕಾಣುತ್ತದೆ. ಬಟ್ಟೆ ಕತ್ತರಿಸದೆ ಆಕಾರಕ್ಕೆ ತಕ್ಕಂತೆ ಹೆಣೆದ ಗುರುತು ಅದು. ಏನೇ ಆಗಲಿ, 12 ಡಾಲರಿಗೆ ಮೋಸವಿಲ್ಲ.

ಪ್ರಶ್ನೆ: ಆನ್‌ಲೈನ್‌ನಲ್ಲಿ ತರಿಸಿದ ಬಿಳಿ ಅಂಗೋರಾ ಸ್ವೆಟರ್ ಹಾಕಿಕೊಂಡರೆ ಕಪ್ಪು ಸ್ಕರ್ಟ್ ತುಂಬ ಕೂದಲು. ಸರಕೇ ಕೆಟ್ಟದ್ದೇ? (ಬೆಂಗಳೂರು)

ಉತ್ತರ: ಸರಕಿನ ದೋಷವಲ್ಲ, ಮೊಲದ ರೋಮದ ಗುಣ. ಕುರಿ ಉಣ್ಣೆಯ ಎಳೆಯ ಮೇಲೆ ಮೀನಿನ ಪೊರೆಯಂಥ ಹುರುಪೆಗಳಿರುತ್ತವೆ. ಅವುಗಳ ಅಂಚು ಎದ್ದಿರುವುದರಿಂದ ಎಳೆಗೆ ಎಳೆ ಕಚ್ಚಿಕೊಳ್ಳುತ್ತದೆ. ಅಂಗೋರಾ ಮೊಲದ ನವಿರು 12ರಿಂದ 16 ಮೈಕ್ರಾನ್‌ನಷ್ಟು (ಮಿ.ಮೀ.ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಸಣ್ಣದು, ಹುರುಪೆ ಮೈಗಂಟಿಕೊಂಡು ನುಣ್ಣಗಿದೆ. ಆ ನುಣುಪಿಗೇ ಕೈ ಸೋಲುವುದು, ಆ ನುಣುಪಿಗೇ ನೂಲಿನಿಂದ ಜಾರಿ ಉದುರುವುದು. ಎಳೆಯೊಳಗೆ ಗಾಳಿಯ ಗೂಡುಗಳಿರುವುದರಿಂದ ಹಗುರವಾಗಿದ್ದೂ ಬೆಚ್ಚಗಿರುತ್ತದೆ. ನಡುನಡುವೆ ಬರುವ ಉದ್ದನೆಯ ಬಿರುಸು ಕೂದಲು ಹೊರಗೆ ನಿಂತು ಸ್ವೆಟರಿನ ಸುತ್ತ ಮಂಜಿನಂತೆ ಕಾಣುತ್ತದೆ. ಕಪ್ಪು-ಬಿಳುಪು ಫೋಟೋದಲ್ಲಿ ಹಿಂದಿನಿಂದ ದೀಪ ಬಿಟ್ಟರೆ ಅಂಚೆಲ್ಲ ಬೆಳಗುತ್ತದೆ. 1937ರಲ್ಲಿ ನಟಿ ಲಾನಾ ಟರ್ನರ್ 'ಸ್ವೆಟರ್ ಗರ್ಲ್' ಎನಿಸಿಕೊಂಡ ಮೇಲೆ ಮೈಗಂಟುವ ಸ್ವೆಟರಿನ ಹುಚ್ಚು ಹಿಡಿದ ಹಾಲಿವುಡ್‌ಗೆ ಇಂಥ ಬಟ್ಟೆ ಹೇಳಿ ಮಾಡಿಸಿದಂತಿತ್ತು.

ಉಪಾಯ: ಗಾಳಿಯಾಡದ ಚೀಲದಲ್ಲಿಟ್ಟು ರಾತ್ರಿಯಿಡೀ ಫ್ರೀಜರಿನಲ್ಲಿಡಿ, ಬೆಳಿಗ್ಗೆ ಹೊರಗೆ ಚೆನ್ನಾಗಿ ಕೊಡವಿ. ಕೆಲವು ಗಂಟೆ ಉದುರುವುದು ತಗ್ಗುತ್ತದೆ, ಶಾಶ್ವತ ಪರಿಹಾರವಲ್ಲ. ಅಂಟು ರೋಲರನ್ನು ಸ್ಕರ್ಟಿಗೆ ಮಾತ್ರ ಬಳಸಿ. ಸ್ವೆಟರಿಗೆ ಹಚ್ಚಿದರೆ ಗಟ್ಟಿಯಾಗಿದ್ದ ಕೂದಲೂ ಕಿತ್ತುಬರುತ್ತದೆ. ಹೆಗಲ ಚೀಲ ಉಜ್ಜುವ ಕಡೆ ಬೋಳಾಗುತ್ತದೆ, ಕೈಚೀಲ ಹಿಡಿಯಿರಿ. ಒಂದೊಂದೇ ಕೂದಲಿನ ಬದಲು ಕುಚ್ಚುಕುಚ್ಚಾಗಿ ಬಂದರೆ ಬೆಳಕಿಗೆ ಹಿಡಿದು ನೋಡಿ, ಹುಳ ತಿಂದಿರಬಹುದು. ಇನ್ನು ಮುಂದೆ ಕೊಳ್ಳುವಾಗ ನೂರಕ್ಕೆ ನೂರು ಅಂಗೋರಾ ಎಂದು ಹುಡುಕಬೇಡಿ. ಕುರಿ ಉಣ್ಣೆ, ನೈಲಾನ್ ಬೆರೆತದ್ದೇ ಬಾಳಿಕೆ.

ಪ್ರಶ್ನೆ: ಅತ್ತೆಯವರ ಟ್ರಂಕಿನಲ್ಲಿ ಮಣಿ, ಚಮಕಿ ಹೊಲಿದ ಹಾಂಗ್‌ಕಾಂಗಿನ ಅಂಗೋರಾ ಕಾರ್ಡಿಗನ್ ಸಿಕ್ಕಿತು. ರೇಷ್ಮೆ ಲೈನಿಂಗ್ ಇದೆ. ಮುಗ್ಗಲು ವಾಸನೆ, ಎರಡು ಸಣ್ಣ ತೂತು. ಮನೆಯಲ್ಲೇ ತೊಳೆಯಬಹುದೇ? (ಮಡಿಕೇರಿ)

ಉತ್ತರ: ಮೊದಲು ಹುಳದ ವಿಚಾರ. ತೂತು ಮಾಡುವುದು ಹಾರುವ ನುಸಿಯಲ್ಲ, ಅದರ ಮರಿ. ಚೀಲದ ಗಾಳಿ ಒತ್ತಿ ತೆಗೆದು, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಒಂದೇ ಬಾಗಿಲಿನ ಫ್ರಿಜ್ಜಿನ ಐಸ್ ಪೆಟ್ಟಿಗೆ ಸಾಮಾನ್ಯವಾಗಿ ಅಷ್ಟು ತಣ್ಣಗಾಗುವುದಿಲ್ಲ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಟ್ಟೆಯ ಮೇಲೆ ನೀರು ಹನಿಗಟ್ಟುತ್ತದೆ.

ಆಮೇಲೆ ಚಮಕಿ. 1930-40ರ ದಶಕದ ಚಮಕಿ ಎಷ್ಟೋ ಸಲ ಜೆಲಟಿನ್‌ನದು, ನೀರಿಗೆ ಕರಗುತ್ತದೆ. ಕಾಣದ ಕಡೆ ಒಂದರ ಮೇಲೆ ಒದ್ದೆ ಹತ್ತಿ ಒಂದು ನಿಮಿಷ ಒತ್ತಿ. ಅಂಟಂಟಾದರೆ ನೀರು ತಾಗಿಸುವಂತಿಲ್ಲ. ಲೈನಿಂಗಿಗೂ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ಡ್ರೈಕ್ಲೀನಿಂಗೇ ಗತಿ.

ಎರಡೂ ಪಾಸಾದರೆ, ಮೊದಲು ದೊಡ್ಡ ಕಾಗದದ ಮೇಲೆ ಕಾರ್ಡಿಗನ್ ಹರಡಿ ಸುತ್ತ ಪೆನ್ಸಿಲ್ ಗೆರೆ ಎಳೆದುಕೊಳ್ಳಿ. ಟಬ್ಬಿನಲ್ಲಿ ಐದಾರು ಲೀಟರ್ ನೀರು, 30 ಡಿಗ್ರಿ ಮೀರಬಾರದು. ಮಣಿಕಟ್ಟಿಗೆ ಬಿಸಿಯೂ ಅನಿಸಬಾರದು, ತಣ್ಣಗೂ ಅನಿಸಬಾರದು. ಉಣ್ಣೆಗೆಂದೇ ಸಿಗುವ ದ್ರವ ಸೋಪು ಎರಡು ಟೀ ಚಮಚ ಸಾಕು. ದಿನಬಳಕೆಯ ಪುಡಿ ಬೇಡವೇ ಬೇಡ: ಅದರ ಕ್ಷಾರ ಹುರುಪೆಗಳನ್ನು ಎಬ್ಬಿಸುತ್ತದೆ, ಕಲೆ ತೆಗೆಯುವ ಎನ್‌ಜೈಮ್ ರೋಮವನ್ನೂ ತಿನ್ನುತ್ತದೆ. ಅಂಟುವಾಳದ ನೀರು ಸೌಮ್ಯ, ಆದರೆ ತಿಳಿಬಣ್ಣಕ್ಕೆ ಕಂದು ಛಾಯೆ ಹಿಡಿದೀತು. ಒಳಮಗ್ಗುಲು ಹೊರಗೆ ಮಾಡಿ, ದಿಂಬಿನ ಕವರಿನೊಳಗೆ ಹಾಕಿ, ಐದು ನಿಮಿಷ ಅಂಗೈಯಿಂದ ಒತ್ತಿ ಒತ್ತಿ ಬಿಡಿ. ಉಜ್ಜಿದಿರೋ, ಎಳೆಗಳು ಜಡೆಗಟ್ಟಿ ಕುಗ್ಗುತ್ತವೆ, ಮತ್ತೆ ಬಿಡಿಸಲಾಗದು. ಅದೇ ಬಿಸಿಯ ನೀರಿನಲ್ಲಿ ಎರಡು ಸಲ ಜಾಲಿಸಿ. ಎತ್ತುವಾಗ ಎರಡೂ ಕೈ ಅಡಿಗಿರಲಿ, ನೆಂದ ರೋಮ ತನ್ನ ಭಾರಕ್ಕೇ ಜೋಲುತ್ತದೆ. ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ, ಹಿಂಡಬೇಡಿ. ಕಾಗದದ ಗೆರೆಯ ಅಳತೆಗೆ ನೆರಳಲ್ಲಿ ಚಪ್ಪಟೆಯಾಗಿ ಹರಡಿ. ನಿಮ್ಮೂರಿನ ಮಳೆಗಾಲದಲ್ಲಾದರೆ ಫ್ಯಾನ್ ಹಾಕಿ, ಎರಡು ದಿನ ಹಿಡಿದೀತು. ಪೂರ್ತಿ ಒಣಗಿದ ಮೇಲೆ ಕೊಡವಿದರೆ ನವಿರು ಮತ್ತೆ ಏಳುತ್ತದೆ.

ತೂತಿಗೆ ಅದೇ ಬಣ್ಣದ ಸಣ್ಣ ಉಣ್ಣೆ ನೂಲು ಸಾಕು. ಒಳಗಿನಿಂದ ಹೆಣೆದುಬಿಟ್ಟರೆ ಮೇಲಿನ ನವಿರೇ ಮುಚ್ಚಿಕೊಳ್ಳುತ್ತದೆ. ನೇತುಹಾಕದೆ, ಹಳೆ ಪಂಚೆಯಲ್ಲಿ ಮಡಿಸಿಡಿ. ನುಸಿಗುಳಿಗೆ ಹತ್ತಿರ ಸುಳಿಯದಿರಲಿ: ಅದರ ಆವಿಗೆ ಕೆಲವು ಪ್ಲಾಸ್ಟಿಕ್ ಮಣಿಗಳು ಮೆತ್ತಗಾಗುತ್ತವೆ.

ಪ್ರಶ್ನೆ: 1940ರ ದಶಕದ ಇಂಗ್ಲಿಷ್ ಹೆಣಿಗೆ ಪುಸ್ತಕ ನೋಡಿ ಅಂಗೋರಾ ಜಂಪರ್ (ತಲೆಯ ಮೇಲಿಂದ ಹಾಕುವ ಸ್ವೆಟರ್) ಹೆಣೆಯಬೇಕೆಂದಿದ್ದೇನೆ. 'ಅರ್ಧ ಔನ್ಸಿನ 14 ಉಂಡೆ, 10 ಮತ್ತು 12ನೇ ನಂಬರ್ ಕಡ್ಡಿ' ಎಂದಿದೆ. ಈಗಿನ ಲೆಕ್ಕದಲ್ಲಿ ಎಷ್ಟು? (ಧಾರವಾಡ)

ಉತ್ತರ: ಅರ್ಧ ಔನ್ಸ್ ಎಂದರೆ ಸುಮಾರು 14 ಗ್ರಾಂ, ಒಟ್ಟು 200 ಗ್ರಾಂ ನೂಲು ಬೇಕು. ಹಳೆಯ ಬ್ರಿಟಿಷ್ ಲೆಕ್ಕದಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಣ್ಣ: 10 ಎಂದರೆ 3.25 ಮಿ.ಮೀ., 12 ಎಂದರೆ 2.75. ಅಮೆರಿಕದ 10 ತಂದರೆ 6 ಮಿ.ಮೀ. ಬಂದು ಜಂಪರ್ ಬಲೆಯಾಗುತ್ತದೆ. ಬಿದಿರಿನ ಕಡ್ಡಿ ತೆಗೆದುಕೊಳ್ಳಿ, ಲೋಹದ್ದರಲ್ಲಿ ಮನೆಗಳು (ಹೆಣಿಗೆಯ ಕುಣಿಕೆಗಳು) ಜಾರುತ್ತವೆ. ಅಂಗೋರಾಗೆ ಹಿಗ್ಗಿ ಕುಗ್ಗುವ ಗುಣ ಕಡಿಮೆ, ರಿಬ್ ಬೇಗ ಸಡಿಲವಾಗುತ್ತದೆ. ಅಲ್ಲಿಗೆ ಸಣ್ಣ ಎಲಾಸ್ಟಿಕ್ ದಾರ ಸೇರಿಸಿ ಹೆಣೆಯಿರಿ.

ಪ್ರಶ್ನೆ: ಮೊಲಕ್ಕೆ ಹಿಂಸೆ ಮಾಡದ ಅಂಗೋರಾ ಇದೆಯೇ? ಭಾರತದಲ್ಲಿ ಸಿಗುತ್ತದೆಯೇ? (ಮೈಸೂರು)

ಉತ್ತರ: 2013ರಲ್ಲಿ ಚೀನಾದ ಸಾಕಣೆ ಕೇಂದ್ರಗಳಲ್ಲಿ ಜೀವಂತ ಮೊಲದ ರೋಮ ಕೀಳುವ ವಿಡಿಯೊ ಹೊರಬಂದ ಮೇಲೆ ಅನೇಕ ದೊಡ್ಡ ಬ್ರ್ಯಾಂಡ್‌ಗಳು ಅಂಗೋರಾ ಕೈಬಿಟ್ಟವು. ಹಳೆಯದನ್ನೇ ಕೊಳ್ಳುವವರಿಗೆ ಅದೂ ಒಂದು ಕಾರಣ. ಕತ್ತರಿಸಿ ತೆಗೆಯುವುದೂ ಉಂಟು, ಮಾರುವವರನ್ನು ಕೇಳಿ. ನಮ್ಮಲ್ಲಿ ಹಿಮಾಚಲದ ಕುಲ್ಲು ಕಡೆ ಈ ಮೊಲ ಸಾಕುತ್ತಾರೆ, ಶಾಲು ನೇಯುತ್ತಾರೆ. ವಸ್ತುಪ್ರದರ್ಶನದಲ್ಲಿ 'ಅಂಗೋರಾ' ಎಂದು ಅಗ್ಗಕ್ಕೆ ಕೊಟ್ಟರೆ ಅಂಚಿನ ಒಂದೆಳೆ ಸುಟ್ಟು ನೋಡಿ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್ ಅಥವಾ ನೈಲಾನ್. ಕೂದಲು ಸುಟ್ಟ ವಾಸನೆ ಬಂದರೂ ಮೊಲದ್ದೇ ಎನ್ನುವಂತಿಲ್ಲ, ಕುರಿಯದ್ದೂ ಹಾಗೇ ನಾರುತ್ತದೆ.